ರಶ್ಮಿತಾಳ ಹಸಿರು ಚುಕ್ಕೆ

ವರ್ಕಾಡಿಯಿಂದ ಹೊಸಂಗಡಿಗೆ ಸರ್ವಿಸ್ ಜೀಪು ಓಡಿಸುತ್ತಿದ್ದ ಬೋಜನ ಬಾಯಿಯಿಂದ ಒಂದು ಮಾತು ಹೊರಡಿಸಬೇಕಾದರೆ ಹಳೆಯ ಎಂಜಿನಿಗೆ ಹ್ಯಾಂಡಲ್ ಹೊಡೆದಷ್ಟು ಕಷ್ಟಪಡಬೇಕಿತ್ತು. ಜೀಪಿನಲ್ಲಿ ಜನ ಬೆಂಕಿಪೆಟ್ಟಿಗೆಯ ಕಡ್ಡಿಗಳ ಹಾಗೆ ತುಂಬಿರುತ್ತಿದ್ದರು. ಅವರ ಮದುವೆಯ ಮಾತುಕತೆ, ಮಂಗಳೂರಿನ ಆಸ್ಪತ್ರೆಯ ಕಥೆ, ಅಣ್ಣತಮ್ಮಂದಿರ ಪಾಲಿನ ಜಗಳ ಎಲ್ಲವೂ ಅವನ ಬೆನ್ನ ಹಿಂದೆಯೇ ನಡೆಯುತ್ತಿದ್ದವು. ಅವನ ಕಿವಿಗೆ ಬಿದ್ದದ್ದು ಅಲ್ಲೇ ಕರಗುತ್ತಿತ್ತು, ಇನ್ನೊಬ್ಬರ ಕಿವಿಗೆ ದಾಟಿದ್ದೆಂಬುದಿಲ್ಲ. ಹಾಗಾಗಿ ಊರಿಗೆ ಅವನ ಮೇಲೆ ನಂಬಿಕೆ. ಊರಿನ ಗುಟ್ಟೆಲ್ಲ ಹೊತ್ತು ತಿರುಗುವವನ ಬಳಿ ತನ್ನದೂ ಒಂದು ಗುಟ್ಟು ಇರಬಹುದೆಂದು ಯಾರೂ ಎಣಿಸಿರಲಿಲ್ಲ.

ಅವನ ಬಳಿ ಇದ್ದದ್ದು ಒಂದು ಹೆಸರು.

ಬಹಳ ಹಿಂದೆ, ಅವನಿಗೂ ಸುಂದರಿಗೂ ಮದುವೆಯಾದ ಹೊಸತರಲ್ಲಿ, ಒಂದು ಹೆಣ್ಣು ಮಗು ಹುಟ್ಟಿತ್ತು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಗೊತ್ತಾಗಿತ್ತು. ಅವನು ತಂಗಿಯ ಮನೆಯಿಂದ ಹಲಸಿನ ಮರದ ತೊಟ್ಟಿಲನ್ನು ಜೀಪಿನ ಮೇಲೆ ಕಟ್ಟಿಕೊಂಡು ಬಂದು, ಒರೆಸಿ, ಎಣ್ಣೆ ಹಚ್ಚಿ ಚಾವಡಿಯಲ್ಲಿ ತೂಗುಹಾಕಿದ್ದ. ಅಷ್ಟರಲ್ಲಿ ಮಗುವಿಗೆ ಜ್ವರ ಬಂತು. ಜ್ವರ ಮಗುವನ್ನು ಬಿಡಲಿಲ್ಲ. ಮಲಗಿಸದ ತೊಟ್ಟಿಲನ್ನು ಅವನೇ ಬಿಚ್ಚಿ, ಅದೇ ಜೀಪಿನ ಮೇಲೆ ಕಟ್ಟಿಕೊಂಡು ಹೋಗಿ ಹಿಂದೆ ಕೊಟ್ಟು ಬಂದ. ಬಂಧುಗಳಿಗೆ ಅದು ಹೆಸರಿಲ್ಲದ ಕೂಸು. ಆದರೆ ಹೆಸರನ್ನು ಸುಂದರಿ ಮೊದಲೇ ಆರಿಸಿಟ್ಟಿದ್ದಳು, ಗಂಡನ ಕಿವಿಯಲ್ಲಿ ಹೇಳಿಯೂ ಇದ್ದಳು. ರಶ್ಮಿತಾ. ಆಮೇಲೆ ಆ ಮನೆಯಲ್ಲಿ ಮಕ್ಕಳಾಗಲಿಲ್ಲ. ಆ ಹೆಸರು ಇಬ್ಬರ ನಡುವೆಯೇ ಉಳಿಯಿತು.

ತುಳುವರ ಮನೆಗಳಲ್ಲಿ ಮದುವೆಯಾಗದೆ ತೀರಿಹೋದ ಮಕ್ಕಳು ಅಲ್ಲಿಗೆ ಮುಗಿದವರಲ್ಲ. ಅವರು ಕಣ್ಣಿಗೆ ಕಾಣದ ಕಡೆ ವರ್ಷವರ್ಷವೂ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಮದುವೆ ಬಯಸುತ್ತಾರೆ. ಹಾಗೆಯೇ ತೀರಿಹೋದ ಒಬ್ಬ ಹುಡುಗನನ್ನು ಹುಡುಕಿ, ತಾಯಿಯ ಕಡೆಯಿಂದ ಬರುವ ಬಳಿ, ಅಂದರೆ ಕುಲದ ಹೆಸರು, ಬೇರೆ ಬೇರೆಯೇ ಎಂದು ವಿಚಾರಿಸಿ, ಬದುಕಿದ್ದವರ ಶುಭಕಾರ್ಯಗಳಿಲ್ಲದ, ಮಳೆಗಾಲದ ಆಟಿ ತಿಂಗಳಲ್ಲಿ ಧಾರೆ ಎರೆದು ಕೊಡಬೇಕು. ಇಂಥ ಮಾತುಕತೆಯಲ್ಲಿ ಸಾವಿನ ಶಬ್ದ ಬಾಯಿಗೆ ಬರಕೂಡದು. ನಮ್ಮಲ್ಲಿ ಒಬ್ಬಳು ಹುಡುಗಿ ಉಂಟು, ಸಂಬಂಧ ನೋಡುತ್ತಾ ಇದ್ದೇವೆ, ಎಂದಷ್ಟೇ ಹೇಳಬೇಕು. ತಿಳಿದವರಿಗೆ ಹೇಳುವವರ ಮುಖ ಕಂಡಾಗಲೇ ತಿಳಿಯುತ್ತದೆ.

ಆಟಿಯಲ್ಲಿ ಹಿರಿಯರಿಗೆ ಬಡಿಸುವಾಗ ಸುಂದರಿ ಒಂದು ಪುಟ್ಟ ಬಾಳೆಲೆಯನ್ನೂ ಇಡುತ್ತಿದ್ದಳು. ಮೊದಮೊದಲು ಅದರಲ್ಲಿ ಹಾಲು ಮಾತ್ರ. ಆಮೇಲೆ ಮೆತ್ತಗೆ ಹಿಸುಕಿದ ಅನ್ನ. ಕೆಲವು ವರ್ಷಗಳಾದ ಮೇಲೆ ಖಾರದ ಪದಾರ್ಥ. ಎಲೆಯೂ ವರ್ಷದಿಂದ ವರ್ಷಕ್ಕೆ ದೊಡ್ಡದಾಯಿತು. ಬೋಜ ನೋಡಿಯೂ ನೋಡದವನ ಹಾಗೆ ಇರುತ್ತಿದ್ದ. ಒಂದು ವರ್ಷ ಅವಳು ಎಲೆಯ ಬಳಿ ಒಂದು ಮೊಳ ಮಲ್ಲಿಗೆ ಇಟ್ಟಾಗ ಮಾತ್ರ ಅವನು ತಲೆಯೆತ್ತಿ ನೋಡಿದ. ಹುಡುಗಿ ದೊಡ್ಡವಳಾಗಿದ್ದಾಳೆಂದು ಅವನಿಗೆ ಗೊತ್ತಾದದ್ದು ಹಾಗೆ.

ಬೀಡಿ ಕಟ್ಟಿ ಕಟ್ಟಿ ಸುಂದರಿಯ ಎದೆ ಕೆಟ್ಟಿತ್ತು. ಹಾಸಿಗೆ ಹಿಡಿದ ಮೇಲೆ ಅವಳು ತನಗಾಗಿ ಏನನ್ನೂ ಕೇಳಲಿಲ್ಲ. ಕೊನೆಯ ದಿನಗಳಲ್ಲಿ ಒಮ್ಮೆ ಗಂಡನ ಕೈ ಹಿಡಿದು, "ಹುಡುಗಿಗೆ ಪ್ರಾಯ ಆಯಿತು. ನಾನಿಲ್ಲ ಅಂತ ಬಿಡಬೇಡಿ. ಒಂದು ಕಡೆ ಸೇರಿಸಿ," ಎಂದಳು. ಅವನು ಹೂಂ ಎಂದ. ಆ ಹೂಂ ಅವನ ಹೆಗಲೇರಿ ಕೂತಿತು.

ಇಂಥ ಸಂಬಂಧದ ಸುದ್ದಿ ಹಬ್ಬುವುದು ಹೆಂಗಸರ ಬಾಯಿಯಿಂದ. ಸುಂದರಿ ಇದ್ದಿದ್ದರೆ ಬೀಡಿ ಬ್ರಾಂಚಿನಲ್ಲಿ ಎಲೆ ತೂಗಿಸಿಕೊಳ್ಳುವಾಗ ಪಕ್ಕದವಳ ಕಿವಿಯಲ್ಲಿ ಒಂದು ಮಾತು ಹಾಕುತ್ತಿದ್ದಳು, ಅದು ಊರಿಂದೂರಿಗೆ ತಾನಾಗಿ ನಡೆದುಹೋಗುತ್ತಿತ್ತು. ಬೋಜ ಯಾರಿಗೆ ಹೇಳಬೇಕು? ಜೀಪು ತುಂಬ ಜನರಿದ್ದರೂ ಹೇಳುವ ಜನವಿರಲಿಲ್ಲ. ಪೆರ್ಲದ ಕಡೆಗೆ ಕೊಟ್ಟಿದ್ದ ಸುಂದರಿಯ ಅಕ್ಕನಿಗೆ ಒಮ್ಮೆ ಹೇಳಿದ. ಆಕೆ ನೋಡುವ ಎಂದಳು. ತಿಂಗಳು ಕಳೆದರೂ ಸುದ್ದಿ ಬರಲಿಲ್ಲ. ಮನೆಗೆ ಹೋದರೆ ಗೋಡೆಯೇ ಎದುರು. ಆ ಸಮಯದಲ್ಲಿ ಅವನ ಕೈಗೆ ಹೊಸ ನಮೂನೆಯ ಫೋನು ಬಂದಿತ್ತು.

ಹೊಸಂಗಡಿಯ ಜೀಪು ಸ್ಟ್ಯಾಂಡಿನ ಎದುರಿಗೆ ಕುಂಞನ ಮೊಬೈಲ್ ಅಂಗಡಿ. ಆ ವರ್ಷ ನೆಟ್ಟು ಅಗ್ಗವಾಗಿ, ಕೂಲಿಯವರಿಂದ ಹಿಡಿದು ಎಲ್ಲರೂ ಬೆರಳಲ್ಲಿ ತೀಡುವ ಫೋನು ಕೊಂಡಿದ್ದರು. ಬೋಜನೂ ಯಕ್ಷಗಾನದ ತುಣುಕು ನೋಡಬಹುದೆಂದು ಒಂದು ಕೊಂಡಿದ್ದ. ಕುಂಞನೇ ಅವನ ಹೆಸರಿನಲ್ಲಿ ಒಂದು ಖಾತೆ ತೆರೆದು ಕೊಟ್ಟಿದ್ದ. ಅದರಲ್ಲಿ ಈಗ ಸಂಬಂಧ ಹುಡುಕುವ ಗುಂಪುಗಳೂ ಇವೆ, ಜಾತಿಗೊಂದು ಊರಿಗೊಂದು ಇವೆ, ಎಂದು ಜೀಪಿನಲ್ಲಿ ಯಾರೋ ಮಾತಾಡಿಕೊಂಡದ್ದು ಬೋಜನ ತಲೆಯಲ್ಲಿ ಉಳಿಯಿತು. ಒಂದು ಮಧ್ಯಾಹ್ನ ಜೀಪು ನಿಲ್ಲಿಸಿ ಕುಂಞನ ಅಂಗಡಿಗೆ ಹೋದ. ಒಬ್ಬಳು ಹುಡುಗಿಗೆ ಸಂಬಂಧ ನೋಡಲಿಕ್ಕುಂಟು ಎಂದ. ಅವನ ಖಾತೆಯಿಂದಲೇ ನೋಡಬಹುದಲ್ಲ ಎಂದು ಕುಂಞ ಹೇಳಿದರೆ, ಬೇಡ, ಜೀಪಿನವರೆಲ್ಲ ಅದರಲ್ಲಿ ಇದ್ದಾರೆ, ಅವರಿಗೆ ಕಾಣಬಾರದು, ಬೇರೆಯೇ ಆಗಬೇಕು ಎಂದ. ಹಾಗಾದರೆ ಹುಡುಗಿಯ ಹೆಸರಿನಲ್ಲೇ ಮಾಡುವ ಎಂದು ಕುಂಞ ಶುರುಮಾಡಿದ. ಯಾರೋ ತಂಗಿಯ ಮಗಳಿರಬೇಕೆಂದು ಅವನ ಲೆಕ್ಕ. ಬೋಜ ತಿದ್ದಲಿಲ್ಲ. ಸಾವಿನ ಮಾತು ಆಡಬಾರದಲ್ಲ.

ಕುಂಞ ಹೆಸರು ಕೇಳಿದ. ಬೋಜ ಹೇಳಿದ. ಹೊರಗಿನವನೊಬ್ಬನ ಎದುರು ಆ ಹೆಸರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹುಟ್ಟಿದ ದಿನ ಕೇಳಿದ. ಅದನ್ನೂ ಹೇಳಿದ. ಮುಖದ ಪಟ ಇದೆಯೇ ಎಂದಾಗ ಇಲ್ಲ ಎಂದ. ಈಗಿನ ಹೆಣ್ಣುಮಕ್ಕಳು ಮುಖ ಹಾಕುವುದಿಲ್ಲ, ಅದೇ ಒಳ್ಳೆಯದು, ಎಂದು ಕುಂಞ ಒಂದು ಮಲ್ಲಿಗೆ ಚೆಂಡಿನ ಚಿತ್ರ ಹಾಕಿದ. ಆಮೇಲೆ ಫೋನು ತಾನೇ ಕೇಳತೊಡಗಿತು. ನಿಮ್ಮಲ್ಲಿರುವ ನಂಬರುಗಳನ್ನು ನೋಡಲೇ? ನೀವು ಇರುವ ಜಾಗ ತಿಳಿಯಲೇ? ಮೈಕು, ಕ್ಯಾಮರಾ ಬಳಸಲೇ? ಹೊಸ ಮನೆಯಲ್ಲಿ ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಮದುಮಗಳ ಹಾಗೆ ಎಲ್ಲದಕ್ಕೂ ಒಪ್ಪಿಗೆ ಒತ್ತುತ್ತ ಹೋದದ್ದಾಯಿತು.

ಕೊನೆಗೆ ಬೋಜ, "ಬಳಿ ಯಾವುದು ಅಂತ ಕೇಳಲಿಲ್ಲವಾ?" ಎಂದ.

"ಅದೆಲ್ಲ ಇದಕ್ಕೆ ಬೇಡ ಬೋಜಣ್ಣ."

"ಊರಿನ ನಂಬರು ಎಲ್ಲ ಕೇಳ್ತದೆ, ಬಳಿ ಬೇಡವಾ? ಮತ್ತೆ ಎಂತ ಸಂಬಂಧ ನೋಡ್ತದೆ ಇದು?"

ಕುಂಞ ನಕ್ಕ. ಪಂಚಾಯತಿನಲ್ಲಿ ಒಂದು ಸರ್ಟಿಫಿಕೇಟು ಬೇಕಾದರೆ ರೇಶನ್ ಕಾರ್ಡು, ಸಾಕ್ಷಿ, ಸಹಿ ಎಂದು ಮೂರು ಸಲ ಓಡಾಡಿಸುತ್ತಾರೆ. ಇಲ್ಲಿ ಬಾಯಿಮಾತಿಗೆ ಒಬ್ಬಳು ಹುಡುಗಿ ಹುಟ್ಟಿಬಿಟ್ಟಳು. ಪ್ರಾಯ ತುಂಬಿದವಳು, ವರ್ಕಾಡಿಯವಳು.

ಆ ಗುಂಪುಗಳಲ್ಲಿ ಬೋಜನಿಗೆ ಬೇಕಾದದ್ದು ಸಿಗಲಿಲ್ಲ. ಅಲ್ಲಿದ್ದವರೆಲ್ಲ ಬದುಕಿದ್ದ ಹುಡುಗರು, ಬೈಕಿನ ಮೇಲೆ ಕೈಕಟ್ಟಿ ನಿಂತವರು. ಆದರೆ ಅವನು ಎಣಿಸದ ಇನ್ನೊಂದು ಸಂಗತಿ ನಡೆಯಿತು. ಫೋನು ರಶ್ಮಿತಾಳನ್ನು ಸಾಕತೊಡಗಿತು.

ಮೊದಲು ಒಂದು ನರ್ಸಿಂಗ್ ಕಾಲೇಜಿನವರು ಬಂದರು. ಆಮೇಲೆ ಪಿ.ಎಸ್.ಸಿ. ಕೋಚಿಂಗಿನವರು. ಮೊಡವೆಗೆ ಹಚ್ಚುವ ಮುಲಾಮು, ಕಾಲಿಗೆ ಬಿಗಿಯಾಗಿ ಕೂರುವ ಲೆಗ್ಗಿಂಗ್ಸು, ಮಳೆಗಾಲಕ್ಕೆ ಜಾರದ ಚಪ್ಪಲಿ, ಹೆಣ್ಣುಮಕ್ಕಳು ಬಿಡುವ ಹಗುರದ ಸ್ಕೂಟರು. ಮಧ್ಯಾಹ್ನ ಜನವಿಲ್ಲದ ಹೊತ್ತಿನಲ್ಲಿ ಬೋಜ ಸ್ಟೇರಿಂಗಿಗೆ ಫೋನು ಒರಗಿಸಿ ಒಂದೊಂದನ್ನೇ ನೋಡುತ್ತಿದ್ದ. ಈ ಪ್ರಾಯದ ಹುಡುಗಿಗೆ ಇಷ್ಟೆಲ್ಲ ಬೇಕಾಗುತ್ತದೆಂದು ಅವನಿಗೆ ಹೇಳಿಕೊಟ್ಟವರು ಯಾರಿದ್ದರು? ಯಾವುದೋ ಕಿವಿಯ ಲೋಲಾಕಿನ ಮೇಲೆ ಬೆರಳು ನಿಂತರೆ, ಮರುದಿನ ಅಂಥದೇ ಹತ್ತಾರು ಲೋಲಾಕು ಬಂದಿರುತ್ತಿದ್ದವು. ತನಗೆ ಇಷ್ಟವಾದದ್ದು ಅವಳಿಗೂ ಇಷ್ಟವಾಗಿದೆ ಎಂದುಕೊಂಡ. ನರ್ಸಿಂಗ್ ಕಾಲೇಜಿಗೆ ಅರ್ಜಿ ಹಾಕಲು ನಾಳೆಯೇ ಕೊನೆಯ ದಿನ ಎಂದು ಒಂದು ಸಲ ಬಂದಾಗ ಇಡೀ ದಿನ ಅವನ ಮನಸ್ಸಿಗೆ ಸಮಾಧಾನವಿರಲಿಲ್ಲ. ಹೊಸಂಗಡಿಯ ರೈಲ್ವೇ ಗೇಟಿನಲ್ಲಿ ಹಿಂದಿನ ಲಾರಿಯವನು ಹಾರನ್ ಹೊಡೆದು ಬೈಯುವವರೆಗೂ ಗೇಟು ತೆರೆದದ್ದು ಗೊತ್ತಾಗಲಿಲ್ಲ.

ಮಳೆಗಾಲದಲ್ಲಿ ಒಂದು ಬೆಳಗ್ಗೆ ಫೋನು ತೆರೆದರೆ ಬಣ್ಣಬಣ್ಣದ ಬಲೂನು ಹಾರುತ್ತಿತ್ತು. ರಶ್ಮಿತಾ, ಹುಟ್ಟುಹಬ್ಬದ ಶುಭಾಶಯಗಳು, ಈ ದಿನ ನಿಮಗೆ ಚೆನ್ನಾಗಿರಲಿ, ಎಂದು ಬರೆದಿತ್ತು. ಸುಂದರಿ ಹೋದ ಮೇಲೆ ಲೋಕದಲ್ಲಿ ಆ ದಿನವನ್ನು ನೆನಪಿಟ್ಟುಕೊಂಡದ್ದು ಅದೊಂದೇ. ಬೋಜ ಆ ದಿನ ಹೊಸಂಗಡಿಯಲ್ಲಿ ಒಂದು ಮೊಳ ಮಲ್ಲಿಗೆ ಕೊಂಡು ಜೀಪಿನ ಕನ್ನಡಿಗೆ ಕಟ್ಟಿದ. ಕೇಳಿದವರಿಗೆ, ದೇವರಿಗೆ ಎಂದ.

ಆದರೆ ಅವನು ಯಾರಿಗೆ ಕಾಣಬಾರದೆಂದು ಬೇರೆ ಖಾತೆ ಮಾಡಿಸಿದ್ದನೋ ಅವರಿಗೇ ಅದು ಕಾಣತೊಡಗಿತ್ತು. ಫೋನಿನಲ್ಲಿದ್ದ ಊರವರ ನಂಬರುಗಳನ್ನೆಲ್ಲ ಹೆಕ್ಕಿಕೊಂಡ ಆ ಕಂಪೆನಿ, ನಿಮಗೆ ಗೊತ್ತಿರಬಹುದಾದವರು ಎಂದು ರಶ್ಮಿತಾಳ ಮಲ್ಲಿಗೆ ಚೆಂಡನ್ನು ಒಬ್ಬೊಬ್ಬರ ಮುಂದೆಯೂ ಇಟ್ಟಿತು. ಜೀಪಿನಲ್ಲಿ ಅದೇ ಮಾತಾಯಿತು. ಯಾರ ಮಗಳಿವಳು? ಮಜೀರ್ಪಳ್ಳದ ಕಡೆಯವಳೇ? ಹೊಸದಾಗಿ ಬಾಡಿಗೆಗೆ ಬಂದವರೇ? ಎಲ್ಲರಿಗಿಂತ ಹೆಚ್ಚು ಕುತೂಹಲ ಸಿಮೆಂಟು ಅಂಗಡಿಯ ಭುಜಂಗನಿಗೆ. ಮುಂದಿನ ಸೀಟಿನಲ್ಲಿ ಕೂತು ಫೋನನ್ನು ಬೋಜನ ಮೂಗಿಗೆ ಹಿಡಿದ.

"ನಿಮಗೆ ಗೊತ್ತಿಲ್ಲದ ಮನೆ ಉಂಟಾ ಬೋಜಣ್ಣ? ಈ ಹುಡುಗಿ ಯಾರದ್ದು, ಹೇಳಿ."

ಬೋಜ ರಸ್ತೆ ನೋಡಿದ.

"ಹೇಳುವುದಿಲ್ಲ ಇವರು," ಎಂದು ಭುಜಂಗ ಹಿಂದೆ ತಿರುಗಿ ನಕ್ಕ. "ಅಡ್ವಾನ್ಸ್ ಕೊಟ್ಟರೆ ಮಾತ್ರ ಬಾಯಿ ಬಿಡುವುದು."

ಅದೇ ಸಂಜೆ ರಶ್ಮಿತಾಳಿಗೆ ಒಂದು ಸಂದೇಶ ಬಂತು. ಹಾಯ್, ಮಲ್ಲಿಗೆ ನೋಡಿಯೇ ಇಷ್ಟು, ಮುಖ ನೋಡಿದರೆ ಹೇಗೋ, ಎಂದಿತ್ತು. ಕಳಿಸಿದವನು ಭುಜಂಗ, ಇಬ್ಬರು ಮಕ್ಕಳ ತಂದೆ. ಮರುದಿನ ಭುಜಂಗ ಮುಂದಿನ ಸೀಟಿಗೆ ಏರಲು ಬಂದಾಗ ಅಲ್ಲಿ ಸ್ಟೆಪ್ನಿ ಟಯರು ಕೂತಿತ್ತು. ಹಿಂದೆ ಕೂತುಕೊಳ್ಳಿ ಎಂದ ಬೋಜ. ಇಳಿಜಾರಿನಲ್ಲಿ ಎಮ್ಮೆ ಅಡ್ಡ ಬಂದದ್ದಕ್ಕೆ ಹಾಕಿದ ಬ್ರೇಕು ಬೇಕಾದದ್ದಕ್ಕಿಂತ ಜೋರಾಯಿತು, ಭುಜಂಗನ ಹಣೆ ಕಂಬಿಗೆ ಬಡಿಯಿತು. ಮಗಳಿರುವ ತಂದೆಯಂದಿರಿಗೆ ಇಂಥ ಸಂಕಟವೂ ಉಂಟೆಂದು ಬೋಜನಿಗೆ ಅರ್ಥವಾದದ್ದು ಆವಾಗ. ಸಂಕಟದೊಳಗೆ ಎಲ್ಲೋ ಒಂದು ತೃಪ್ತಿಯೂ ಇತ್ತು. ಖಾತೆಯನ್ನು ಮುಚ್ಚಬೇಕೆಂದು ಅವನಿಗೆ ಅನಿಸಲಿಲ್ಲ.

ಕೊನೆಗೆ ಸಂಬಂಧ ಬಂದದ್ದು ಹಳೆಯ ದಾರಿಯಲ್ಲೇ. ಸುಂದರಿಯ ಅಕ್ಕ ಹೇಳಿ ಕಳಿಸಿದಳು. ಎಣ್ಮಕಜೆಯಲ್ಲಿ ಪುರಂದರ ಎಂಬವರ ಮನೆಯಲ್ಲಿ ಒಬ್ಬ ಹುಡುಗ ಉಂಟು, ಹೆಸರು ವಿಜೇತ್, ಬಳಿ ಬೇರೆ. ಪುರಂದರ ಗೇರು ತೋಟದಲ್ಲಿ ಕೆಲಸಕ್ಕಿದ್ದವರು. ತೋಟಕ್ಕೆ ಹೆಲಿಕಾಪ್ಟರಿನಿಂದ ಹುಳ ಸಾಯುವ ವಿಷದ ಮದ್ದು ಬಿಡುತ್ತಿದ್ದ ಕಾಲದಲ್ಲಿ ಹುಟ್ಟಿದ ಮಗ. ಒಂದು ದಿನವೂ ತನ್ನ ಕಾಲ ಮೇಲೆ ನಿಂತವನಲ್ಲ, ತಾಯಿಯ ಸೊಂಟದಲ್ಲೇ ಇದ್ದು ಸೊಂಟದಿಂದಲೇ ಹೋದ. ಬೋಜ ಪೆರ್ಲದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಡೆದು ಆ ಮನೆ ಕಂಡು ಬಂದ. ಮನೆಯವರು ಹೆಚ್ಚು ಕೇಳಲಿಲ್ಲ, ಅವನೂ ಹೆಚ್ಚು ಹೇಳಲಿಲ್ಲ. ಹುಡುಗನ ತಾಯಿ ಬೆಲ್ಲ ನೀರು ತಂದಿಟ್ಟು, ನಮ್ಮ ಹುಡುಗ ಯಾರಿಗೂ ಬೇಸರ ಮಾಡಿದವನಲ್ಲ, ಎಂದಳು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದಾಗಲೂ ಒಳ್ಳೆಯದೇ ಬಂತು. ಬರುವ ಆಟಿಗೆ ಎಂದು ಮಾತಾಯಿತು. ಬೋಜ ಪುರಂದರರ ನಂಬರನ್ನು ತನ್ನ ಫೋನಿನಲ್ಲಿ ಹಾಕಿಕೊಂಡ. ಹೆಸರಿನ ಜಾಗದಲ್ಲಿ ಬೀಗರು ಎಂದು ಬರೆದ. ಬರೆದು ಎರಡು ಸಲ ಓದಿದ.

ಆಟಿ ಹತ್ತಿರ ಬರುತ್ತಿದ್ದಾಗ ಒಂದು ದಿನ ಹೊಸಂಗಡಿಯ ಸ್ಟ್ಯಾಂಡಿನಲ್ಲಿ ಪುರಂದರ ಬಂದು ನಿಂತಿದ್ದರು. ಮುಖ ಬಾಡಿತ್ತು. ಏನೂ ಹೇಳದೆ ಮುಂದಿನ ಸೀಟಿನಲ್ಲಿ ಕೂತರು. ಜನ ಒಬ್ಬೊಬ್ಬರೇ ಇಳಿದು, ಕೊನೆಯ ನಿಲ್ದಾಣದಲ್ಲಿ ಜೀಪು ಖಾಲಿಯಾದ ಮೇಲೆ ಜೇಬಿನಿಂದ ಫೋನು ತೆಗೆದರು. ದುಬೈಯಲ್ಲಿರುವ ತಮ್ಮನ ಮುಖ ನೋಡಲೆಂದು ಅವರೂ ಅದೇ ಕಂಪೆನಿಯ ಖಾತೆ ಇಟ್ಟುಕೊಂಡಿದ್ದರು. ಅದರಲ್ಲಿ ರಶ್ಮಿತಾ ಇದ್ದಳು. ವರ್ಕಾಡಿ, ಅದೇ ಹುಟ್ಟಿದ ದಿನ, ಮಲ್ಲಿಗೆ ಚೆಂಡು, ಎಲ್ಲ ಇತ್ತು.

"ನಿಮಗೆ ಗೊತ್ತಿರಬಹುದಾದವರು ಅಂತ ಬಂತು ಬೋಜಣ್ಣ. ಸೊಸೆಯ ಹೆಸರಲ್ಲವಾ ಅಂತ ನೋಡಿದೆ. ಮೊನ್ನೆ ಮಧ್ಯಾಹ್ನ ಇದರ ಪಕ್ಕದಲ್ಲಿ ಹಸಿರು ಚುಕ್ಕೆ ಉರಿಯುತ್ತಾ ಇತ್ತು. ಹಾಗೆ ಉರಿದರೆ ಆ ಕಡೆ ಜನ ಉಂಟು ಅಂತ ಅರ್ಥ, ನನ್ನ ತಮ್ಮ ಹೇಳಿದ್ದಾನೆ."

ಬೋಜ ಸ್ಟೇರಿಂಗು ಹಿಡಿದುಕೊಂಡೇ ಕೂತ.

"ಜೀವ ಇರುವ ಹುಡುಗಿಯನ್ನು ನಮ್ಮ ವಿಜೇತನಿಗೆ ಧಾರೆ ಎರೆದರೆ ಆ ಹುಡುಗಿಗೆ ಎಂತಾಗ್ತದೆ ಅಂತ ನಾನು ಹೇಳಬೇಕಾ? ಮನೆಯಲ್ಲಿ ಅವಳ ಅತ್ತೆ ಊಟ ಬಿಟ್ಟಿದ್ದಾಳೆ. ಯಾರದೋ ಮಗುವಿನ ಪಾಪ ನಮಗೆ ಬೇಡ ಅಂತಾಳೆ."

ಎಂಜಿನು ಟಿಕ್ ಟಿಕ್ ಎಂದು ತಣ್ಣಗಾಗುತ್ತಿತ್ತು.

"ಆ ಚುಕ್ಕೆ ನಾನು," ಎಂದ ಬೋಜ. "ಮಧ್ಯಾಹ್ನ ಜನ ಇಲ್ಲದಾಗ ನಾನು ನೋಡ್ತಾ ಇರ್ತೇನೆ."

ಆಮೇಲೆ ಹೇಳಿದ. ಖಾತೆ ಮಾಡಿಸಿದ್ದು, ಕಾಲೇಜಿನವರು ಬಂದದ್ದು, ಲೋಲಾಕು, ಬಲೂನು. ಅವನು ಜೀವಮಾನದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದಿಲ್ಲ. ತನ್ನದೇ ಫೋನು ತೆಗೆದು ತೆರೆದು ತೋರಿಸಿದ. ಪುರಂದರರ ಕೈಯಲ್ಲಿದ್ದ ಫೋನಿನಲ್ಲಿ ಹಸಿರು ಚುಕ್ಕೆ ಹೊತ್ತಿಕೊಂಡಿತು. ಇಬ್ಬರು ಗಂಡಸರು ಆ ಸಾಸಿವೆಯಷ್ಟು ಬೆಳಕನ್ನು ಸ್ವಲ್ಪ ಹೊತ್ತು ನೋಡಿದರು.

"ಲೆಗ್ಗಿಂಗ್ಸು ಎಲ್ಲ ಬರ್ತದಾ?" ಎಂದು ಪುರಂದರ ಮೆಲ್ಲಗೆ ಕೇಳಿದರು.

"ಬರ್ತದೆ."

"ನಮ್ಮ ಹುಡುಗನಿಗೂ ಒಂದು ಮಾಡಿದ್ದರೆ ಬೈಕು ಬರ್ತಿತ್ತೋ ಏನೋ." ಅವರು ಕಣ್ಣು ಒರೆಸಿಕೊಂಡರು. "ನಾನು ನಂಬ್ತೇನೆ ಬೋಜಣ್ಣ. ಆದರೆ ಮನೆಯ ಹೆಂಗಸರು ಇದನ್ನೇ ನೋಡ್ತಾರೆ, ನನ್ನ ಬಾಯಿಮಾತು ಕೇಳುವುದಿಲ್ಲ. ಈ ಚುಕ್ಕೆ ನಂದಬೇಕು. ಅದು ಉರಿಯುವವರೆಗೆ ಮದುವೆ ಆಗ್ಲಿಕ್ಕಿಲ್ಲ."

ಅವರನ್ನು ಮರಳಿ ಹೊಸಂಗಡಿಗೆ ಬಿಟ್ಟು ಬೋಜ ಕುಂಞನ ಅಂಗಡಿಗೆ ಹೋದ. ಈ ಸಲ ಸಾವಿನ ಮಾತನ್ನು ಆಡಲೇಬೇಕಾಯಿತು. ಕುಂಞ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಹೊರಗೆ ನಿಂತಿದ್ದ ಗಿರಾಕಿಗೆ ಆಮೇಲೆ ಬಾ ಎಂದು ಕೈಮಾಡಿ, ಬೋಜನಿಗೆ ಒಳಗಿನ ಸ್ಟೂಲು ಎಳೆದು ಕೊಟ್ಟ.

"ಮೊದಲೇ ಹೇಳಬಹುದಿತ್ತಲ್ಲ ಬೋಜಣ್ಣ. ಇದು ಧರ್ಮಕ್ಕೆ ನಡೆಯುವ ಅಂಗಡಿ ಅಲ್ಲ. ನಾವು ಎಲ್ಲಿ ಹೋಗ್ತೇವೆ, ಯಾರೊಟ್ಟಿಗೆ ಮಾತಾಡ್ತೇವೆ, ಯಾವುದರ ಮೇಲೆ ಕಣ್ಣು ನಿಲ್ಲಿಸ್ತೇವೆ, ಅದನ್ನು ಇನ್ನೊಬ್ಬರಿಗೆ ಮಾರಿ ಬದುಕುವವರು. ನಿಮ್ಮ ಮಗಳು ಅಂತ ಅವರಿಗೆ ಎಂತ ಗೊತ್ತು."

"ಗೊತ್ತಿತ್ತು," ಎಂದ ಬೋಜ. "ಹುಟ್ಟಿದ ದಿನ ಗೊತ್ತಿತ್ತು."

ಕುಂಞ ಫೋನು ಕೈಗೆ ತೆಗೆದುಕೊಂಡ. ಖಾತೆ ಅಳಿಸುವ ದಾರಿಯನ್ನು ಆ ಕಂಪೆನಿಯವರು ಒಳಗಿನೊಳಗಿನ ಕೋಣೆಯಲ್ಲಿ ಅಡಗಿಸಿಟ್ಟಿದ್ದರು. ಒಂದು ಬಾಗಿಲು ತೆರೆದರೆ ಇನ್ನೊಂದು. ಯಾಕೆ ಹೋಗುತ್ತೀರಿ ಎಂದು ಕೇಳಿತು. ಕೊಟ್ಟ ಕಾರಣಗಳಲ್ಲಿ ಬೋಜನದ್ದು ಇರಲಿಲ್ಲ. ಕುಂಞ ಯಾವುದೋ ಒಂದನ್ನು ಒತ್ತಿದ. ಆಗ ಕೆಲವು ಮುಖಗಳು ಬಂದವು, ನೀವು ಹೋದರೆ ಇವರಿಗೆಲ್ಲ ಬೇಸರವಾಗುತ್ತದೆ ಎಂದು ಬರೆದಿತ್ತು. ಸಾಲಿನ ಮೊದಲಿಗೇ ಭುಜಂಗನ ಹಲ್ಲುಕಿರಿದ ಮುಖ. ಕುಂಞ ನಗು ತಡೆದುಕೊಂಡ. ಬೋಜ ಆ ಮುಖಗಳಲ್ಲಿ ಸುಂದರಿಯನ್ನು ಹುಡುಕುವವನ ಹಾಗೆ ಒಂದೊಂದನ್ನೇ ನೋಡಿ, ಕೊನೆಯ ಗುಂಡಿಯನ್ನು ತಾನೇ ಒತ್ತುತ್ತೇನೆ ಎಂದ. ತನ್ನ ಕೈಯಿಂದ ಮಣ್ಣು ಹಾಕಬೇಕಾದವನು ತಾನಲ್ಲವೇ. ಒತ್ತಿದ.

ಅಷ್ಟಕ್ಕೇ ಮುಗಿಯಲಿಲ್ಲ. ಅಳಿಸಿದ್ದು ನಿಜವಾಗಿ ಅಳಿಯಲು ಕೆಲವು ವಾರ ಬೇಕು. ಆ ನಡುವೆ ಒಮ್ಮೆ ತೆರೆದು ಅಳಿಸುವುದು ಬೇಡವೆಂದರೂ ಸಾಕು, ಎಲ್ಲ ಮೊದಲಿನಂತೆ ಎದ್ದು ಕೂರುತ್ತದೆ, ಎಂದು ಕುಂಞ ಎಚ್ಚರಿಸಿದ. ಬೋಜನ ಸ್ವಂತ ಖಾತೆ ಹಾಗೆಯೇ ಉಳಿಯಿತು. ಆದರೆ ನಂಬರುಗಳು, ಜಾಗ, ಮೈಕು ಎಂದು ಒಪ್ಪಿಗೆ ಕೊಟ್ಟದ್ದನ್ನೆಲ್ಲ ಒಂದೊಂದಾಗಿ ಮುಚ್ಚಿ, ಮುಂದೆ ಏನು ಕೇಳಿದರೂ ಮೊದಲು ಬೇಡ ಎನ್ನಿ, ಮತ್ತೆ ಯೋಚನೆ ಮಾಡಿ, ಎಂದು ಹೇಳಿಕೊಟ್ಟ.

ಆ ವಾರಗಳು ಬೋಜನಿಗೆ ಬಹಳ ಉದ್ದವಾದವು. ಮಧ್ಯಾಹ್ನವಾದರೆ ಹೆಬ್ಬೆರಳು ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಕಾಲೇಜು ಶುರುವಾಗಿರಬಹುದು. ಮಳೆಗೆ ಕೊಡೆ ಬಂದಿರಬಹುದು. ಒಮ್ಮೆ ನೋಡಿ ಮುಚ್ಚಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಮನಸ್ಸು ಹೇಳುತ್ತಿತ್ತು. ಆದರೆ ಗೊತ್ತಾಗುತ್ತದೆ, ಎಣ್ಮಕಜೆಯಲ್ಲಿ ಒಬ್ಬಳು ತಾಯಿಗೆ ಗೊತ್ತಾಗುತ್ತದೆ. ಅವನು ಫೋನನ್ನು ಬಟ್ಟೆಯಲ್ಲಿ ಸುತ್ತಿ ಸೀಟಿನ ಕೆಳಗೆ ಜಾಕು, ಸ್ಪ್ಯಾನರುಗಳ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಅದರ ಎರಡು ಸಿಮ್ಮುಗಳಲ್ಲಿ ಒಂದನ್ನು ತೆಗೆದು ಸುಂದರಿ ಇಟ್ಟುಹೋಗಿದ್ದ ಗುಂಡಿಗಳ ಹಳೆಯ ಫೋನಿಗೆ ಹಾಕಿಕೊಂಡ. ಅದರ ಗುಂಡಿಗಳ ಮೇಲಿನ ಅಂಕಿಗಳು ಅವಳ ಬೀಡಿಯೆಲೆಯ ಬೆರಳಿಗೆ ಸವೆದುಹೋಗಿದ್ದವು. ಅದಕ್ಕೆ ಯಾರೂ ಏನೂ ಮಾರಲು ಬರಲಿಲ್ಲ. ಅದು ಯಾರ ಹುಟ್ಟಿದ ದಿನವನ್ನೂ ಹೇಳಲಿಲ್ಲ. ಆ ವರ್ಷ ಆ ದಿನ ಬಂದುಹೋದದ್ದು ಅವನೊಬ್ಬನಿಗೆ ಮಾತ್ರ ಗೊತ್ತು.

ಜೀಪಿನಲ್ಲಿ ಭುಜಂಗ ಒಂದು ದಿನ, ಆ ಮಲ್ಲಿಗೆಯ ಹುಡುಗಿ ಕಾಣೆಯಾಗಿದ್ದಾಳೆ, ಯಾರೋ ಕಟ್ಟಿಕೊಂಡು ಹೋದರೋ ಏನೋ, ಎಂದು ಗೊಣಗಿದ. ಬೋಜ ಗೇರು ಬದಲಿಸಿದ. ಸ್ವಲ್ಪ ಹೊತ್ತಿನಲ್ಲಿ ಪುರಂದರರ ಕರೆ ಬಂತು. ನೋಡಿದೆವು, ಇಲ್ಲ, ಎಂದರು. ಅಷ್ಟೇ ಮಾತು.

ಸೀರೆ, ಬಳೆ ಕೊಳ್ಳಲು ಬೋಜನಿಗೆ ಅಭ್ಯಾಸವಿಲ್ಲ. ಪೆಟ್ಟಿಗೆಯಿಂದ ಫೋನು ತೆಗೆದು ಹಸಿರು ಧಾರೆ ಸೀರೆ, ಕರಿಮಣಿ ಎಂದೆಲ್ಲ ಬರೆದು ನೋಡಿಕೊಂಡು ಮಂಗಳೂರಿಗೆ ಹೋದ. ಅಂಗಡಿಯವರು ಬಿಲ್ಲಿಗೆಂದು ನಂಬರು ಕೇಳಿದರು. ಕುಂಞನ ಮಾತು ಅಂಗಡಿಯ ಹೊಳಪಿನಲ್ಲಿ ಮರೆತುಹೋಗಿ ಹೇಳಿಬಿಟ್ಟ. ಯಾರಿಗೆ ಎಂದು ಕೇಳಿದ ಹೆಂಗಸಿಗೆ, ಮಗಳಿಗೆ, ಎಂದ. ಮೈಬಣ್ಣ ಹೇಗೆ, ಬಿಳಿಯಾ ಕಪ್ಪಾ, ಎಂದು ಆಕೆ ಕೇಳಿದಾಗ ಸ್ವಲ್ಪ ತಡವರಿಸಿ, ತಾಯಿಯ ಹಾಗೆ, ಎಂದ.

ಆಟಿಯ ಒಂದು ಸಂಜೆ, ಮಳೆ ಸ್ವಲ್ಪ ಬಿಟ್ಟಾಗ ಎಣ್ಮಕಜೆಯವರು ಬಂದರು. ಬೋಜನ ಮನೆಯ ಚಾವಡಿಯಲ್ಲಿ ಎರಡು ಮಣೆ. ಒಂದರ ಮೇಲೆ ಮಡಿಸಿದ ಹಸಿರು ಸೀರೆ, ಬಳೆ, ಮಲ್ಲಿಗೆ, ಒಂದು ಜೊತೆ ಲೋಲಾಕು. ಇನ್ನೊಂದರ ಮೇಲೆ ಬಿಳಿಯ ಪಂಚೆ, ಶಾಲು. ವಿಜೇತನ ತಾಯಿ ಪಂಚೆಯ ಪಕ್ಕದಲ್ಲಿ ಒಂದು ಜೊತೆ ಹೊಸ ಚಪ್ಪಲಿಯನ್ನೂ ಇಟ್ಟಳು. ಬದುಕಿದ್ದಾಗ ಅವನ ಕಾಲಿಗೆ ಚಪ್ಪಲಿ ಬೇಕಾಗಿರಲಿಲ್ಲ. ಸುಂದರಿಯ ಅಕ್ಕ ಶಾಸ್ತ್ರ ಹೇಳಿಕೊಟ್ಟಳು, ಬೋಜ ಧಾರೆ ಎರೆದ. ಊಟ ಬಡಿಸಿದ್ದಾಯಿತು. ಹೊರಡುವ ಹೊತ್ತಿಗೆ ಅತ್ತೆಯಾದವಳು ಸೀರೆಯನ್ನು ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡಳು. ಅವರನ್ನು ಬಸ್ಸಿನವರೆಗೆ ಬಿಡುತ್ತೇನೆಂದು ಬೋಜ ಜೀಪು ತೆಗೆದ. ಮುಂದಿನ ಸೀಟಿನಲ್ಲಿ ಆಕೆಯ ಮಡಿಲಲ್ಲಿ ಹಸಿರು ಸೀರೆ. ಹೊಂಡ ತಪ್ಪಿಸಿ ತಪ್ಪಿಸಿ, ಅವನು ಅಷ್ಟು ನಿಧಾನ ಯಾವತ್ತೂ ಓಡಿಸಿರಲಿಲ್ಲ.

ಆ ತಿಂಗಳ ಕೊನೆಗೆ ಹಿರಿಯರಿಗೆ ಬಡಿಸುವಾಗ ಎರಡನೆಯ ಎಲೆ ಇಡಲಿಲ್ಲ. ಮದುವೆಯಾದ ಹೆಣ್ಣಿಗೆ ಇನ್ನು ಎಲೆ ಗಂಡನ ಮನೆಯಲ್ಲಿ. ಸುಂದರಿಯ ಎಲೆಗೆ ಬಡಿಸಿ, ಕೈಮುಗಿದು, ಸೇರಿಸಿದ್ದೇನೆ, ಎಂದ. ಆಮೇಲೆ ಒಬ್ಬನೇ ಉಂಡ.

ಮಳೆ ಹೋಗಿ, ಚಳಿ ಬಂದು, ಜೀಪಿನ ಗಾಜಿಗೆ ಮತ್ತೆ ಧೂಳು ಕೂರುವ ಕಾಲ ಬಂತು. ಒಂದು ಮಧ್ಯಾಹ್ನ ಯಕ್ಷಗಾನ ನೋಡಲೆಂದು ಬೋಜ ಫೋನು ತೆರೆದರೆ, ಆಟಕ್ಕಿಂತ ಮೊದಲು ಒಂದು ತೊಟ್ಟಿಲು ಬಂತು. ತಿಳಿ ಬಣ್ಣದ ಮರದ ತೊಟ್ಟಿಲು, ಮೇಲೆ ಬಿಳಿಯ ಪರದೆ. ನಿಮ್ಮ ಮನೆಗೆ ಬರುವ ಪುಟ್ಟ ಅತಿಥಿಗೆ, ಎಂದು ಕೆಳಗೆ ಬರೆದಿತ್ತು. ಫೋನನ್ನು ಹಿಡಿದುಕೊಂಡೇ ರಸ್ತೆ ದಾಟಿ ಕುಂಞನ ಬಳಿ ಹೋದ. ಎಲ್ಲ ಮುಚ್ಚಿದ್ದಲ್ಲವೇ ಎಂದ. ಸೀರೆ ಅಂಗಡಿಗೆ ನಂಬರು ಕೊಟ್ಟಿದ್ದೀರಾ ಎಂದು ಕುಂಞ ಕೇಳಿದ. ಮದುವೆಯ ಸೀರೆ ಹೋದ ಮನೆ ಎಂದು ಎಲ್ಲೋ ಗುರುತು ಬಿದ್ದಿದೆ, ತಿಂಗಳು ಎಣಿಸಿ ತೊಟ್ಟಿಲು ಕಳಿಸಿದ್ದಾರೆ, ಎಂದ. ಒತ್ತಿ ಹಿಡಿದರೆ ಇಂಥದ್ದು ಬೇಡ ಎನ್ನಬಹುದು, ಒಳಗೆ ಇನ್ನೂ ಒಂದೆರಡು ಬಾಗಿಲು ಮುಚ್ಚಲಿಕ್ಕುಂಟು, ಕೊಡಿ, ಎಂದು ಕೈ ಚಾಚಿದ.

ಬೋಜ ಕೊಡಲಿಲ್ಲ. ಜೀಪಿಗೆ ಹಿಂದಿರುಗಿ, ಬಾಗಿಲು ಎಳೆದುಕೊಂಡು ಕೂತ. ಒತ್ತಿ ಹಿಡಿದ. ಯಾಕೆ ಬೇಡ ಎಂದು ಫೋನು ಕೇಳಿತು. ಮೊದಲನೆಯ ಕಾರಣವೇ, ಇದು ನನಗೆ ಸಂಬಂಧಪಟ್ಟದ್ದಲ್ಲ, ಎಂದಿತ್ತು. ಬೆರಳು ಅದರ ಮೇಲೆ ಹೋಗಿ ನಿಂತಿತು. ಒತ್ತಲಾಗಲಿಲ್ಲ. ಫೋನನ್ನು ಮಡಿಲಿಗೆ ಹಾಕಿ, ಸುಂದರಿಯ ಹಳೆಯ ಫೋನಿನಿಂದ ಎಣ್ಮಕಜೆಗೆ ಕರೆ ಮಾಡಿದ.

ಪುರಂದರರು ಎತ್ತಿದರು. ಬಿಸಿಲು ಹೇಗುಂಟು ಎಂದು ಬೋಜ ಕೇಳಿದ. ಜೋರುಂಟು, ಬಾವಿಯ ನೀರು ಇಳಿದಿದೆ, ಎಂದರು ಅವರು. ಗೇರು ಹೂ ಬಿಟ್ಟಿದೆಯೇ ಎಂದ. ಬಿಟ್ಟಿದೆ ಎಂದರು. ಅಷ್ಟಾದರೂ ಬೋಜ ಕರೆ ಮುಗಿಸಲಿಲ್ಲ.

"ಎಂತ ಬೋಜಣ್ಣ, ವಿಶೇಷ ಉಂಟಾ?"

"ವಿಶೇಷ ನಿಮ್ಮಿಂದ ಬರಬೇಕಲ್ಲ," ಎಂದ ಬೋಜ. "ನಾವು ಹೆಣ್ಣು ಕೊಟ್ಟವರು. ಅಲ್ಲಿ ಎಲ್ಲ ಒಳ್ಳೆಯದುಂಟಲ್ಲ?"

ಆ ಕಡೆ ಫೋನು ಕಿವಿ ಬದಲಿಸಿದ ಸದ್ದಾಯಿತು.

"ಒಳ್ಳೆಯದುಂಟು. ಆಟಿಯ ಕೊನೆಗೆ ಹಿರಿಯರಿಗೆ ಬಡಿಸಿದಾಗ ಎರಡು ಎಲೆ ಹತ್ತಿರ ಹತ್ತಿರ ಇಟ್ಟೆವು. ಅವಳ ಅತ್ತೆ ಮಲ್ಲಿಗೆ ಇಟ್ಟಳು. ಬೇರೆ ವಿಶೇಷ ಎಂತ ಇದ್ದರೂ ನಿಮಗೆ ಹೇಳದೆ ಇರ್ತೇವಾ?"

ಬೋಜ ಹೂಂ ಎಂದ. ಇನ್ನೊಂದು ಸಲ ಹೂಂ ಎಂದು ಕರೆ ಮುಗಿಸಿದ. ಅಂಥ ಸುದ್ದಿ ಏನಾದರೂ ಇದ್ದರೆ ಆ ಮನೆಯಿಂದ ಬರಬೇಕು, ಬೀದಿಯಲ್ಲಿ ಹೋಗುವವರ ಬಾಯಿಯಿಂದ ಅಲ್ಲ. ಮಡಿಲಲ್ಲಿದ್ದ ಫೋನನ್ನು ಎತ್ತಿಕೊಂಡ. ಕಾರಣಗಳ ಪಟ್ಟಿಯಲ್ಲಿ ಕೆಳಕೆಳಗೆ ಹೋದರೆ, ಇವರು ನನ್ನ ಬಗ್ಗೆ ಬೇಕಾದದ್ದಕ್ಕಿಂತ ಹೆಚ್ಚು ತಿಳಿದುಕೊಂಡಿದ್ದಾರೆ, ಎಂಬುದೂ ಒಂದು ಇತ್ತು. ಅದನ್ನು ಒತ್ತಿದ. ತೊಟ್ಟಿಲು ಮಾಯವಾಯಿತು.

ಮಂಗಳೂರಿನ ಬಸ್ಸು ಬಂದು ನಿಂತಿತು. ಜನ ಇಳಿದು ಜೀಪಿನ ಕಡೆ ಬರತೊಡಗಿದರು. ಭುಜಂಗ ಓಡಿ ಬಂದು ಮುಂದಿನ ಸೀಟಿಗೆ ಕಾಲಿಟ್ಟ. ಬೋಜ ಸ್ಟೆಪ್ನಿ ಟಯರನ್ನು ಎಳೆದು ಅಲ್ಲಿ ಕೂರಿಸಿ, ಹಿಂದೆ ಜಾಗ ಉಂಟು, ಎಂದ.